ತೆರೆದು ನೋಡದೆ ಹಿಡಿದ ಬಂದೂಕು

ನಾನು ಜೋಡಿ ನಳಿಗೆಯ ಒಂದು ಬಂದೂಕು. ಕಾರ್ಖಾನೆಯಲ್ಲಿ ಉಕ್ಕಿನ ಸರಳುಗಳಿಂದ ಹುಟ್ಟಿದೆ. ನಳಿಗೆ ಕೊರೆದವನು ಒಬ್ಬ, ಮರದ ಹಿಡಿ ಕೂರಿಸಿದವನು ಇನ್ನೊಬ್ಬ, ನಂಬರು ಹೊಡೆದವನು ಮತ್ತೊಬ್ಬ. ಯಾರೂ ನನಗೆ ಹೆಸರಿಡಲಿಲ್ಲ. ಅದು ಸರಿಯಾಗಿಯೇ ಇತ್ತು. ನನಗೆ ಬರುವ ಕೆಲಸ ಒಂದೇ. ಒಳಗೆ ಕಾಡತೂಸು ಇದ್ದು ಟ್ರಿಗರ್ ಒತ್ತಿದರೆ ಎದುರಿಗೆ ಇದ್ದದ್ದನ್ನು ಹೊಡೆಯುತ್ತೇನೆ. ಎದುರಿಗೆ ಯಾರಿದ್ದಾರೆ ಎಂದು ನನಗೆ ಕಾಣುವುದಿಲ್ಲ. ಕಂಡರೂ ತಡೆದುಕೊಳ್ಳುವ ಶಕ್ತಿ ನನ್ನಲ್ಲಿಲ್ಲ. ಅದನ್ನು ಹಿಡಿದವರೇ ನೋಡಿಕೊಳ್ಳಬೇಕು.

ಇಷ್ಟು ವರ್ಷಗಳಲ್ಲಿ ನನ್ನಿಂದ ಸತ್ತದ್ದು ಒಬ್ಬಳೇ. ಆಕೆಯ ಹೆಸರು ಸಾತವ್ವ. ನನ್ನ ಮುಂದೆ ದೀಪ ಇಡಲು ಬಗ್ಗಿದ್ದಳು.

ನನ್ನನ್ನು ಕೊಂಡವರು ಆಕೆಯ ಗಂಡ, ಅದೃಶ್ಯಪ್ಪ ತಲ್ಲೂರ. ಮಿಲಿಟರಿಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬೈಲಹೊಂಗಲಕ್ಕೆ ಬಂದಿದ್ದರು. ಅಲ್ಲಿಯ ಸಹಕಾರಿ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ ಸಿಗುವುದರಲ್ಲಿತ್ತು; ಆದರೆ ಬಂದೂಕು ಸ್ವಂತದ್ದಿರಬೇಕು ಎಂದು ಬ್ಯಾಂಕಿನವರು ಹೇಳಿದ್ದರು. ಲೈಸನ್ಸು ಮಾಡಿಸಿಕೊಂಡು ಬೆಳಗಾವಿಯ ಅಂಗಡಿಗೆ ಬಂದರು. ಅಂಗಡಿಯವನು ನನ್ನನ್ನು ಡಬ್ಬಿಯಿಂದ ತೆಗೆದು ಅವರ ಕೈಗೆ ಕೊಟ್ಟ. ಅವರು ಮೊದಲು ನನ್ನ ಬಾಯನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ನಳಿಗೆ ತೆರೆಯುವ ಸನ್ನೆ ಸರಿಸಿ ನನ್ನನ್ನು ನಡುವಿಗೆ ಮಡಿಚಿ ತೆರೆದು, ಎರಡೂ ನಳಿಗೆಯೊಳಗೆ ಬೆಳಕು ಹಾಯುವಂತೆ ಎತ್ತಿ ನೋಡಿದರು.

ಅಂಗಡಿಯವನು ನಕ್ಕ. "ಖಾಲಿ ಐತ್ರಿ ಸಾಹೇಬ್ರ. ಈಗರ ಡಬ್ಬಿ ಒಡದೇನಿ, ಇನ್ನೂ ಎಣ್ಣಿ ಸೈತ ಒರಿಸಿಲ್ಲ."

"ನೀ ಸುಳ್ಳ ಹೇಳ್ತಿ ಅಂತ ಅಲ್ಲೋ ಮಾರಾಯಾ. ನಿನ್ನ ಬಾಯಿ ಖಾಲಿ ಅಂತು. ನನ್ನ ಕಣ್ಣೂ ಅನ್ನಬೇಕಲ್ಲ."

ಮನೆಯಲ್ಲಿ ಸಾತವ್ವನಿಗೆ ನಾನು ಬೇಕಿರಲಿಲ್ಲ. "ಇಷ್ಟ ವರ್ಷ ಮಿಲಿಟ್ರಿ ನನಗ ಸವತಿ ಆಗಿತ್ತು. ಈಗ ಇದನ್ನ ಕಟ್ಟಿಕೊಂಡು ಬಂದ್ರಿ" ಎಂದಳು. ಹವಾಲ್ದಾರರು ಒಳಕೋಣೆಯ ಕಪಾಟಿನಲ್ಲಿ ನನ್ನನ್ನು ಇಟ್ಟು ಕೀಲಿ ಹಾಕಿದರು. ಕಾಡತೂಸುಗಳನ್ನು ಬೇರೆ ಕೋಣೆಯ ಟ್ರಂಕಿನಲ್ಲಿಟ್ಟು ಅದಕ್ಕೂ ಕೀಲಿ ಹಾಕಿದರು. ಎರಡೂ ಕೀಲಿಕೈ ಅವರ ಉಡದಾರದಲ್ಲಿ ತೂಗಾಡುತ್ತಿದ್ದವು. ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ.

ಬ್ಯಾಂಕಿನ ಹಿತ್ತಿಲಲ್ಲಿ ತಪ್ಪಿ ಹಾರಿದ ಗುಂಡು ಹೂತುಹೋಗಲೆಂದು ಉಸುಕು ತುಂಬಿದ ಒಂದು ಡ್ರಮ್ಮು ಇಡಿಸಿದ್ದರು. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ನನ್ನ ಬಾಯನ್ನು ಆ ಉಸುಕಿನ ಕಡೆ ಇಳಿಸಿ ಕಾಡತೂಸು ತುಂಬುತ್ತಿದ್ದರು. ಸಂಜೆ ಅಲ್ಲೇ ತೆಗೆಯುತ್ತಿದ್ದರು. ತುಂಬಿದ ಬಂದೂಕು ಒಂದು ದಿನವೂ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ದಿನವೆಲ್ಲ ಅವರ ಬೆರಳು ಟ್ರಿಗರಿನ ಹೊರಗೆ, ಅದರ ಸುತ್ತಲಿನ ಕಬ್ಬಿಣದ ಬಳೆಯ ಮೇಲೆ ಚಾಚಿಕೊಂಡಿರುತ್ತಿತ್ತು. ಒಮ್ಮೆ ಹೊಸ ಮ್ಯಾನೇಜರರು ಫೋಟೋ ತೆಗೆಸಿಕೊಳ್ಳಲು ನನ್ನನ್ನು ಕೇಳಿ ಪಡೆದು, ತಮಾಷೆಗೆ ಕ್ಯಾಶಿಯರನ ಕಡೆ ಗುರಿ ಹಿಡಿದರು. ಕಾಡತೂಸು ತೆಗೆದೇ ಕೊಟ್ಟಿದ್ದರೂ ಹವಾಲ್ದಾರರು ನಳಿಗೆಯನ್ನು ಕೈಯಿಂದ ನೆಲಕ್ಕೆ ಒತ್ತಿದರು.

"ಸಾಹೇಬ್ರ, ಇದು ಮ್ಯಾಲ ನೋಡಬೇಕು, ಇಲ್ಲಾ ಕೆಳಗ ನೋಡಬೇಕು. ಮನಿಶ್ಯಾರ ಮುಖಾ ನೋಡಂಗಿಲ್ಲ."

"ಖಾಲಿ ಐತಲ್ರಿ ತಲ್ಲೂರ?"

"ಖಾಲಿ ಇದ್ದಾಗ ರೂಢಿ ಆಗಬೇಕ್ರಿ. ತುಂಬಿದಾಗ ಕಲಿಯಾಕ ಟೈಮ್ ಇರಂಗಿಲ್ಲ."

ಫೋಟೋ ತೆಗೆಯಲಿಲ್ಲ. ಮ್ಯಾನೇಜರರು ಕೆಲವು ದಿನ ಮಾತು ಬಿಟ್ಟರು. ಹವಾಲ್ದಾರರಿಗೆ ಅದರಿಂದ ಏನೂ ಅನಿಸಲಿಲ್ಲ.

ಹೀಗೆ ಅವರು ಮುದುಕರಾದರು. ಬ್ಯಾಂಕು ಬಿಟ್ಟರು. ಅವರ ಒಬ್ಬನೇ ಮಗ ಗುರುಸಿದ್ಧ ಡಿಗ್ರಿ ಮುಗಿಸಿ ಎಲ್ಲೆಲ್ಲೋ ಅರ್ಜಿ ಹಾಕಿ, ಕೊನೆಗೆ ಬಂಗಾರದ ಅಂಗಡಿಯೊಂದರಲ್ಲಿ ಅದೇ ಕಾವಲಿನ ಕೆಲಸಕ್ಕೆ ನಿಂತ. ಲೈಸನ್ಸು ಮಗನ ಹೆಸರಿಗೆ ಆಯಿತು. ಕಾನೂನಿನ ಪ್ರಕಾರ ನಾನು ಅವನ ಸ್ವತ್ತಾದೆ. ಹವಾಲ್ದಾರರು ಅವನನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಒಂದು ತಿಂಗಳು ದಿನಾ ಸಂಜೆ ಕಲಿಸಿದರು. ತಗೋ, ಬಾಯಿ ಗೋಡೆಗೆ, ಬೆರಳು ಹೊರಗೆ, ತೆರೆ, ನೋಡು, ಬೆರಳು ತೂರಿಸಿ ಮುಟ್ಟಿ ನೋಡು. ಗುರುಸಿದ್ಧನಿಗೆ ಬೇಜಾರು ಬಂದು, "ಈಗರ ನೋಡೇನಲ್ಲಪಾ" ಅಂದರೆ ತಲೆಗೆ ಮೊಟಕುತ್ತಿದ್ದರು.

"ಯಾರ ಕೊಟ್ರೂ ತೆರಿ. ನಾ ಕೊಟ್ರೂ ತೆರಿ. ಶಿವಾ ಇಳದು ಬಂದು ಕೊಟ್ರೂ ತೆರಿ. ಆಂವಾ ಸಿಟ್ಟಾದ್ರ ನನ್ನ ಕಡೆ ಕಳಸು."

ಮಗ ಕಲಿತ. ಒಳ್ಳೆಯ ಹುಡುಗ. ಒಂದು ವಿಷಯ ಮಾತ್ರ ಹಾಗೇ ಉಳಿಯಿತು. ನನ್ನ ಕಪಾಟಿನ ಕೀಲಿಕೈ ಅವನ ಕೈಗೂ ಒಂದು ಬಂತು. ಕಾಡತೂಸಿನ ಟ್ರಂಕಿನದು ಬರಲಿಲ್ಲ. ಅಪ್ಪನ ಉಡದಾರಕ್ಕೆ ಕೈ ಹಾಕಿ ಕೇಳಲು ಅವನಿಗೆ ನಾಚಿಕೆಯಾಯಿತು. ದಿನಾ ಬೆಳಗ್ಗೆ ಅಪ್ಪನೇ ಕಾಡತೂಸು ತೆಗೆದುಕೊಡುತ್ತಿದ್ದರು, ಸಂಜೆ ಅಪ್ಪನೇ ತೆಗೆದಿಡುತ್ತಿದ್ದರು. ಮುದುಕರಿಗೆ ಅಷ್ಟಾದರೂ ಕೆಲಸ ಇರಲಿ ಎಂದು ಮನೆಯಲ್ಲಿ ಎಲ್ಲರಿಗೂ ಅನಿಸಿತು.

ಆಮೇಲೆ ಹವಾಲ್ದಾರರಿಗೆ ಮರೆವು ಶುರುವಾಯಿತು. ಉಂಡು ಕೈ ತೊಳೆದು ಬಂದು, "ಊಟಕ್ಕ ನೀಡು" ಎನ್ನುತ್ತಿದ್ದರು. ಕೆಲವು ದಿನ ಬೆಳಗ್ಗೆ ಖಾಕಿ ಶರ್ಟು ಹಾಕಿಕೊಂಡು ಬ್ಯಾಂಕಿಗೆ ಹೊರಡುತ್ತಿದ್ದರು. ಸಾತವ್ವ ಬಾಗಿಲಲ್ಲಿ ಹಿಡಿದು, "ಇವತ್ತ ಸೂಟಿ ಐತ್ರಿ" ಎಂದು ಸುಳ್ಳು ಹೇಳಿ ಒಳಗೆ ಕರೆತರುತ್ತಿದ್ದಳು. ಬುದ್ಧಿ ನೆಟ್ಟಗಿದ್ದ ಹೊತ್ತಿನಲ್ಲಿ ಅವರಿಗೆ ತಮಗೇನಾಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಆಗ ಬಹಳ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ಅವರ ಹಳೆಯ ಗೆಳೆಯ, ಸುಬೇದಾರ ಜಾಲಿಹಾಳ ಚಹಾಕ್ಕೆ ಬಂದರು. ಹವಾಲ್ದಾರರು ನನ್ನನ್ನು ಹೊರಗೆ ತಂದು ತೋರಿಸಿದರು. ನೋಡಿಯಾದ ಮೇಲೆ, "ಖಾಲಿ ಐತಿ, ಒಳಗ ಇಡು" ಎಂದು ಮಗನಿಗೆ ಕೊಟ್ಟರು. ಗುರುಸಿದ್ಧ ಕಲಿಸಿದಂತೆ ಬಾಯಿ ಗೋಡೆಗೆ ತಿರುಗಿಸಿ ತೆರೆದು ನೋಡಿದ. ಖಾಲಿಯೇ ಇತ್ತು.

ಸುಬೇದಾರರು ಬಸಿಯಲ್ಲಿ ಚಹಾ ಹುಯ್ದುಕೊಳ್ಳುತ್ತ ನಕ್ಕರು. "ಏನ್ ತಲ್ಲೂರ, ಮಗಾ ನಿನ್ನ ಮಾತಿಗೆ ರುಜುವಾತು ಕೇಳ್ತಾನಲ್ಲೋ! ಮನ್ಯಾಗ ಪ್ರಮೋಶನ್ ಆಗೇತಿ ಅವಂಗ!"

ತಮಾಷೆಗೆ ಆಡಿದ ಮಾತು. ಹವಾಲ್ದಾರರು ಅವರೆದುರು ನಕ್ಕರು. ಗೆಳೆಯ ಹೋದ ಮೇಲೆ ಮಗನ ಮೇಲೆ ಹಾರಿ ಬಿದ್ದರು.

"ಅಪ್ಪಗ ಮರವು ಬಂದೈತಿ ಅಂತ ಮಂದಿಗೆ ತೋರಸ್ತಿಯೇನಲೇ? ನಾ ಖಾಲಿ ಅಂದ್ರ ಖಾಲಿ!"

"ನೀವs ಕಲಿಸಿದ್ದಲ್ಲಪಾ..."

"ಕಲಿಸಿದವಗs ಕಲಸಾಕ ಬಂದಿ!"

ಹವಾಲ್ದಾರರು ಆ ಹೊತ್ತು ಊಟ ಮಾಡಲಿಲ್ಲ. ಸಾತವ್ವ ಮಗನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ನಾಕ ಮಂದಿ ಮುಂದ ತೆರೀಬ್ಯಾಡೋ ಯಪ್ಪಾ. ಒಳಗ ಒಯ್ದು ನೋಡ್ಕೋ. ಅವರ ಮಾರಿ ಎಷ್ಟ ಸಣ್ಣದಾತು ನೋಡಿದಿಲ್ಲೋ."

ಆಕೆ ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಡನ ಮಾನ ಉಳಿಸಲು ನೋಡಿದಳು, ಅಷ್ಟೇ. ಮಗ ಒಪ್ಪಿದ. ಅಂದಿನಿಂದ ಅಪ್ಪ ಕೊಟ್ಟರೆ, "ಹ್ಞೂನಪಾ" ಎಂದು ಹಾಗೇ ಇಸಿದುಕೊಂಡು ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ ಸದ್ದಾಗದಂತೆ ತೆರೆದು ನೋಡುತ್ತಿದ್ದ. ಕಳ್ಳನ ಹಾಗೆ. ಒಳಕೋಣೆಗೆ ಹೋಗುವ ಆ ಹತ್ತು ಹೆಜ್ಜೆಯಲ್ಲಿ ನಾನು ಏನಾಗಿದ್ದೇನೆ ಎಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಅಪಾಯ ಅಲ್ಲಿಂದ ಶುರುವಾಯಿತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬಂತು. ಅಂಗಡಿಗೆ ರಜೆ. ನನ್ನನ್ನು ಪೂಜೆಗೆ ಮಣೆಯ ಮೇಲೆ ಇಡಬೇಕಿತ್ತು. ಹವಾಲ್ದಾರರು ನಸುಕಿನಲ್ಲೇ ಎದ್ದು ಸ್ನಾನ ಮಾಡಿ ಖಾಕಿ ಶರ್ಟು ಹಾಕಿಕೊಂಡಿದ್ದರು. ಒಳಕೋಣೆಗೆ ಬಂದು ಕಪಾಟು ತೆರೆದರು. ಅವರ ಜೇಬಿನಲ್ಲಿ ಟ್ರಂಕಿನಿಂದ ತೆಗೆದ ಕಾಡತೂಸುಗಳಿದ್ದವು. ಅವರ ಮನಸ್ಸು ಆ ಹೊತ್ತಿನಲ್ಲಿ ಬ್ಯಾಂಕಿನ ಹಿತ್ತಿಲಿನಲ್ಲಿತ್ತು. ನನ್ನ ಬಾಯನ್ನು ಎಷ್ಟೋ ವರ್ಷಗಳ ಹಿಂದಿನ ಆ ಉಸುಕಿನ ಕಡೆ ಇಳಿಸಿದರು. ಅಲ್ಲಿ ಈಗ ಇದ್ದದ್ದು ಹಾಸಿಗೆಯ ಸುರುಳಿ. ಎರಡೂ ಕಾಡತೂಸು ತುಂಬಿ ಮುಚ್ಚಿದರು. ಕೈ ಒಂದಿಷ್ಟೂ ತಪ್ಪಲಿಲ್ಲ. ಟ್ರಿಗರನ್ನು ತಡೆಯುವ ಸೇಫ್ಟಿ ಹಿಂದಕ್ಕೇ ಇತ್ತು. ಬೆರಳು ಹೊರಗೇ ಇತ್ತು.

ಅಷ್ಟರಲ್ಲಿ ಸಾತವ್ವ ಕೂಗಿದಳು, "ಪೂಜಿಗೆ ಹೊತ್ತಾತು, ಬಂದೂಕ ತರ್ರಿ." ಆ ದನಿ ಕೇಳಿ ಅವರು ಮನೆಗೆ ಮರಳಿ ಬಂದರು. ತುಂಬಿದ್ದು ಮರೆತುಹೋಯಿತು. ಪಡಸಾಲೆಗೆ ಬಂದರು. ಅಲ್ಲಿ ಸುಬೇದಾರ ಜಾಲಿಹಾಳರಿದ್ದರು, ನೆರೆಮನೆಯವರಿದ್ದರು.

"ಹಿಡಿ. ಖಾಲಿ ಐತಿ" ಎಂದು ಮಗನಿಗೆ ಕೊಟ್ಟರು.

ಗುರುಸಿದ್ಧನ ಹೆಬ್ಬೆರಳು ಸನ್ನೆಯ ಮೇಲೆ ಬಂತು. ಅಪ್ಪನ ಮುಖ ನೋಡಿದ. ಸುಬೇದಾರರ ಮುಖ ನೋಡಿದ. ಹೆಬ್ಬೆರಳು ಹಿಂದೆ ಸರಿಯಿತು. ಒಳಕೋಣೆಗೆ ಹೋಗಲು ನೆವವಿರಲಿಲ್ಲ. ಮಣೆ ಎದುರಿಗೇ ಇತ್ತು. ಕುಳಿತು, ನನ್ನನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎಣ್ಣೆಬಟ್ಟೆಯಿಂದ ಒರೆಸತೊಡಗಿದ. ಬಟ್ಟೆ ಮೇಲಿನಿಂದ ಉಜ್ಜಿಕೊಂಡು ಬಂದಾಗ ಸೇಫ್ಟಿ ಮುಂದಕ್ಕೆ ಜಾರಿ ತಡೆ ಬಿಟ್ಟಿತು. ಸೇಫ್ಟಿ ಎಂದರೆ ಒಂದು ಸಣ್ಣ ಗುಂಡಿ. ಒಳ್ಳೆಯ ರೂಢಿಯ ಜೊತೆಗೆ ಅದೂ ಇರಲಿ ಎಂದು ಇಟ್ಟದ್ದು. ರೂಢಿಯ ಬದಲಿಗೆ ಅಲ್ಲ. ಆಮೇಲೆ ಟ್ರಿಗರಿನ ಸಂದಿಯಲ್ಲಿ ಧೂಳು ಕಂಡಿತು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೆ ತೂರಿಸಿದ. ಅದೇ ಹೊತ್ತಿಗೆ ಸಾತವ್ವ ದೀಪ ಹಿಡಿದು ಬಂದು, ಮಣೆಯ ಪಕ್ಕದಲ್ಲಿ, ನನ್ನ ಬಾಯಿಯ ಎದುರಿಗೇ ಬಗ್ಗಿದಳು.

ಇಷ್ಟೇ ನಡೆದದ್ದು. ಪಡಸಾಲೆ ಸಣ್ಣದು. ಆಸ್ಪತ್ರೆಗೆ ಒಯ್ಯುವ ಕೆಲಸ ಉಳಿಯಲಿಲ್ಲ.

ಮತ್ತೆ ಮೊದಲು ಮಾತಾಡಿದವರು ಹವಾಲ್ದಾರರು. ಮಗನಿಗೆ ಗದರಿದರು: "ಬಾಯಿ ಗ್ವಾಡಿ ಕಡೆ! ಎಷ್ಟ ಸಲ ಹೇಳಬೇಕು!"

ಪೊಲೀಸರು ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಒತ್ತಿ, ಚೀಟಿ ಕಟ್ಟಿ ಒಯ್ದರು. ಗುರುಸಿದ್ಧನ ಮೇಲೆ ನಿರ್ಲಕ್ಷ್ಯದಿಂದ ಸಾವು ತಂದ ಕೇಸು ಆಯಿತು. ಈಗ ನಾನು ಠಾಣೆಯಲ್ಲಿ ಕೇಸಿನ ಸಾಮಾನು ಇಡುವ ಮುದ್ದೇಮಾಲಿನ ಕೋಣೆಯಲ್ಲಿದ್ದೇನೆ. ಪಕ್ಕದಲ್ಲಿ ತುಕ್ಕು ಹಿಡಿದ ಸೈಕಲ್ಲು, ಕುಡುಗೋಲು, ಒಡೆದ ಟಿ.ವಿ. ಕೇಸು ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗುರುಸಿದ್ಧನಿಗೆ ಜೈಲಾಗಲಿಲ್ಲ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅವನ ಲೈಸನ್ಸು ರದ್ದಾಯಿತು, ಕೆಲಸ ಹೋಯಿತು. ನನ್ನನ್ನು ಕತ್ತರಿಸಿ ಗುಜರಿಗೆ ಹಾಕಲು ಆದೇಶವಾಗಿದೆ. ಕತ್ತರಿಸಲಿ. ಅದರಿಂದ ಯಾರಿಗೂ ಏನೂ ಮರಳಿ ಬರುವುದಿಲ್ಲ.

ಓದುವವರಲ್ಲಿ ಯಾರಾದರೂ ಹೊಸದಾಗಿ ಬಂದೂಕು ಕೊಂಡವರಿದ್ದರೆ ನನಗೆ ಹೇಳಲು ಇರುವುದು ಸ್ವಲ್ಪವೇ. ಕೊಟ್ಟವರ ಮುಖ ನೋಡಬೇಡಿ. ನನ್ನ ಒಳಗೆ ನೋಡಿ. ಅವರಿಗೆ ಬೇಸರವಾದರೆ ಆಗಲಿ. ಬೇಸರವಾದವರಿಗೆ ಮರುದಿನ ಸಮಾಧಾನ ಹೇಳಬಹುದು.

ಇನ್ನು ಕೋರ್ಟಿನ ಆ ದಿನ. ಗುರುಸಿದ್ಧ ಅಪ್ಪನನ್ನೂ ಕರೆದುಕೊಂಡು ಬಂದಿದ್ದ. ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ಈಗ ಯಾರಿದ್ದಾರೆ? ಹವಾಲ್ದಾರರಿಗೆ ಏನೂ ನೆನಪಿರಲಿಲ್ಲ. "ನಿಮ್ಮವ್ವ ಎಲ್ಲಿ?" ಎಂದು ಕೇಳುತ್ತಲೇ ಇದ್ದರು. ಮಗ, "ತವರಮನಿಗೆ ಹೋಗ್ಯಾಳಪಾ" ಎನ್ನುತ್ತಲೇ ಇದ್ದ. ನನ್ನನ್ನು ಹಿಡಿದ ಪೊಲೀಸಿನವನು ಅವರ ಪಕ್ಕದಲ್ಲೇ ನಿಂತಿದ್ದ. ಗುರುಸಿದ್ಧನ ಪರ ವಕೀಲ ಕುಲಗೋಡ ಬಂದು ಅವನಿಗೆ ಮೆಲ್ಲಗೆ ಹೇಳಿದರು:

"ಮುದುಕರಿಗೆ ತಲಿ ಸರಿ ಇಲ್ಲ, ಅವರs ತುಂಬಿದ್ರು, ಖಾಲಿ ಅಂತ ಹೇಳಿ ಕೊಟ್ರು ಅಂತ ಹೇಳು. ಖರೇನೂ ಹೌದಲ್ಲ. ನಿನ್ನ ತಪ್ಪ ಹಗರ ಆಗ್ತೈತಿ."

"ಅವರು ತುಂಬಿದ್ದು ಖರೇರಿ. ತೆರೆಯೂದು ನನ್ನ ಕೆಲಸ ಇತ್ತು."

"ಹಂಗ ಅಂದ್ರ ಕೇಸ್ ಗೆಲ್ಲಂಗಿಲ್ಲೋ ತಮ್ಮಾ."

"ಅವ್ವನ ಜೀವಾ ಹೋಗೇತಿ. ಅಪ್ಪನ ಹೆಸರೂ ಕಳೀಲೇನ್ರಿ?"

ಒಳಗೆ ನನ್ನನ್ನು ಮೇಜಿನ ಮೇಲೆ ಇಟ್ಟರು. ನ್ಯಾಯಾಧೀಶೆ ಕೇಳಿದಾಗ ಗುರುಸಿದ್ಧ ತಪ್ಪು ಒಪ್ಪಿಕೊಂಡ. ನಡೆದದ್ದನ್ನು ನಿನ್ನ ಮಾತಿನಲ್ಲೇ ಹೇಳು ಎಂದರು. ಅವನು ಹೇಳಿದ. ಯಾರು ತುಂಬಿದರು ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ. ಕೈಗೆ ಬಂದ ಬಂದೂಕನ್ನು ತೆರೆದು ನೋಡಲಿಲ್ಲ, ಒರೆಸುವಾಗ ಬಾಯಿ ಎತ್ತ ಇದೆ ಎಂದು ನೋಡಲಿಲ್ಲ, ಬೆರಳನ್ನು ಹೊರಗೆ ಇಡಲಿಲ್ಲ, ತಾಯಿ ಎದುರಿಗೆ ಬಂದಿದ್ದಳು.

ಹಿಂದಿನ ಬೆಂಚಿನ ಮೇಲೆ ಹವಾಲ್ದಾರರು ಬೆನ್ನು ನೆಟ್ಟಗೆ ಮಾಡಿ ಕುಳಿತು, ಯಾರದೋ ಊರಿನ ಸುದ್ದಿ ಕೇಳಿದಂತೆ ಎಲ್ಲವನ್ನೂ ಕೇಳಿದರು. ಮಗ ಬಂದು ಪಕ್ಕದಲ್ಲಿ ಕುಳಿತಾಗ ತೋಳು ಹಿಡಿದು ಕೇಳಿದರು. ಅವರಿಗೆ ದನಿ ತಗ್ಗಿಸಿ ಗೊತ್ತಿಲ್ಲ. ನನ್ನ ಮೇಜಿನವರೆಗೂ ಕೇಳಿಸಿತು.

"ತೆರೆದು ನೋಡಲಿಲ್ಲಂತೇನು ಆ ಹುಡುಗಾ?"

"ಇಲ್ಲಂತಪಾ."

"ಹಡದ ತಾಯೀನಲೇ! ಯಾರ ಮಗಾ ಆಂವಾ? ಮನ್ಯಾಗ ಅವಂಗ ಯಾರೂ ಕಲಿಸಿದ್ದಿಲ್ಲೇನು?"

ಗುರುಸಿದ್ಧ ಅಪ್ಪನ ಶರ್ಟಿನ ಬಿಚ್ಚಿಹೋಗಿದ್ದ ಗುಂಡಿಯನ್ನು ಹಾಕಿದ.

"ಕಲಿಸಿದ್ರಪಾ" ಎಂದ. "ಚೊಲೋತಂಗ ಕಲಿಸಿದ್ರು."