ಹೆಬ್ಬೆರಳಿನ ಅಭ್ಯಾಸ

ನೇರ ನೋಡಿದರೆ ಏನೂ ಇಲ್ಲ, ಪರದೆಯ ಎಡಮೂಲೆಯಲ್ಲಿ ಕೂತ ಧೂಳನ್ನು ನೋಡಿದರೆ ಮಾತ್ರ ನಡುವಿನ ಅಕ್ಷರ ಕಾಣುತ್ತದೆ, ಎಂಥ ಕಳ್ಳಾಟ ಈ ಕಣ್ಣಿನದು, ಬೇಕಾದ್ದು ಕಾಣಬೇಕಾದರೆ ಬೇಡದ್ದನ್ನು ನೋಡಬೇಕು — ಅವಳು ಕತ್ತನ್ನು ಓರೆ ಮಾಡಿಯೇ ಕೂತಿದ್ದಾಳೆ, ಕರಿ ಪರದೆ, ಬಿಳಿ ಅಕ್ಷರ, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ, ಅವುಗಳ ಮೇಲೆ ಆ ಬೂದು ಕಲೆ, ಒದ್ದೆ ಬೆರಳನ್ನು ಯಾರೋ ಹಾಳೆಗೆ ಒತ್ತಿಬಿಟ್ಟ ಹಾಗೆ, ಎಲ್ಲಿ ನೋಡಲಿ, ಅವಳಿಗಿಂತ ಮೊದಲು ಅದು ಅಲ್ಲಿ ಹೋಗಿ ಕೂತಿರುತ್ತದೆ. ಅಕ್ಕಾ, ನಿಂಗೆ ಈ ಕರಿ ಕಿಟಕೀನೇ ಒಳ್ಳೇದು, ಮೌಸಿನ ಬಾಣ ಹುಡುಕ್ಕೊಂಡು ಯಾಕೆ ಒದ್ದಾಡ್ತೀಯ, ಲಿನಕ್ಸಲ್ಲಿ ಎಲ್ಲಾನೂ ಟೈಪ್ ಮಾಡಿ ಹೇಳಬಹುದು, ಅಂದಿದ್ದ ತಮ್ಮ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಟೈಪ್ ಮಾಡೋದನ್ನ ನಿಂಗೆ ಹೇಳ್ಕೊಡ್ಬೇಕಾ. ಬೇಡಪ್ಪ, ಅದೊಂದು ಬೇಡ, ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪುಟ ಕಟ್ಟಿದ ಕೈ ಇದು, ಕಣ್ಣು ಮುಚ್ಚಿಕೊಂಡು ಹೊಡೆಯುತ್ತದೆ, ಥೂ, ಎಂಥ ಮಾತು ಬಂತು ನೋಡು ಬಾಯಿಗೆ, ಕಣ್ಣು ಮುಚ್ಚಿಕೊಂಡು. ಪ್ರೆಸ್ಸಿನಲ್ಲಿ ಅವಳಿಗೆ ಹದ್ದಿನಕಣ್ಣಮ್ಮ ಅಂತಲೇ ಹೆಸರು, ಎರಡು ಪದದ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ದೂರದಿಂದಲೇ ಬೆರಳು ತೋರಿಸುತ್ತಿದ್ದಳು, ಅಮ್ಮಾ ನಿಮ್ಮ ಕಣ್ಣಿಗೆ ದೃಷ್ಟಿ ತೆಗೀಬೇಕು ಅನ್ನುತ್ತಿದ್ದರು ಯಜಮಾನರು, ಯಾರೂ ತೆಗೆಯಲಿಲ್ಲ. ಡಾಕ್ಟರಮ್ಮ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು, ಬದಿಯ ನೋಟ ಉಳಿಯುತ್ತೆ, ನಡುವಿನದು ಹೋಗುತ್ತೆ, ಹೋಗಿದ್ದು ವಾಪಸ್ ಬರಲ್ಲ.

ಅದಕ್ಕೇ ಈ ಓದಿ ಹೇಳುವ ಪ್ರೋಗ್ರಾಮು, ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದುತ್ತದಂತೆ, ಅದನ್ನು ಕೂರಿಸೋಣ ಅಂದರೆ ಡಿಸ್ಕಿನಲ್ಲಿ ಜಾಗವಿಲ್ಲ, ಇನ್ನು ಬಳಸದೇ ಇರೋದನ್ನೆಲ್ಲ ತೆಗೀ ಅಕ್ಕಾ, ಎನ್ನುತ್ತಾನೆ ಅವನು ಫೋನಿನಲ್ಲಿ, ಎಷ್ಟು ಸಲೀಸಾಗಿ ಅಂದುಬಿಟ್ಟ. ನಿನ್ನೆ ಚಿತ್ರ ತಿದ್ದುವುದನ್ನು ತೆಗೆದಳು, ಇವತ್ತು ಪುಟ ಕಟ್ಟುವ ಪೇಜ್‌ಸೆಟ್ಟನ್ನು, ಅವಳ ಅನ್ನವನ್ನು, ಆಪ್ಟ್ ಪರ್ಜ್ ಎಂದು ಹೊಡೆದ ಮೇಲೆ ಯಂತ್ರ ಕೇಳಿತು ನಿಜಕ್ಕೂ ತೆಗೆಯಲಾ, ವೈ ಒತ್ತಿದಳು, ಕಣ್ಣು ಕಿತ್ತುಕೊಳ್ಳುವ ಮೊದಲು ಇಷ್ಟಾದರೂ ಯಾರಾದರೂ ಕೇಳಿದ್ದರಾ ಅವಳನ್ನು. ಸಾಲುಗಳು ಸರಸರ ಮೇಲೆ ಹೋದವು, ಆಯಿತು, ಇಪ್ಪತ್ತೆರಡು ವರ್ಷ ಇಷ್ಟು ಬೇಗ ಹೋಗುತ್ತದೆ. ಆದರೂ ಜಾಗ ಸಾಲದು, ಪ್ರೋಗ್ರಾಮ್ ಹೋದರೂ ಅದರ ಹಳೇ ಫೋಲ್ಡರುಗಳು ಉಳಿದುಕೊಂಡಿವೆ, ಮೂಗಿಗಿಂತ ಮೂಗುತಿ ಭಾರ, ಎಲ್‌ಎಸ್ ಅಂದರೆ ಪಟ್ಟಿ ಬರುತ್ತದೆ, ಓರೆಗಣ್ಣಲ್ಲಿ ಎಣಿಸಿದಳು, ಪೇಜ್‌ಸೆಟ್ ಒಂದು, ಎರಡು, ಪೇಜ್‌ಸೆಟ್ ಹಳೆಯದು, ಅವುಗಳ ಪಕ್ಕದಲ್ಲೇ ಮುಖ.

ಮುಖ ಅಂತ ತಾನೇ ಹೆಸರಿಟ್ಟ ಫೋಲ್ಡರು, ಒಳಗೆಲ್ಲ ಫೋಟೋ, ಮಗಳ ಮುಖಗಳು, ಹುಟ್ಟಿದ ದಿನದ ಕೆಂಪು ಮುದ್ದೆಯಿಂದ ಹಿಡಿದು ಹದಿನಾಲ್ಕು ವರ್ಷದವರೆಗೂ ಅಲ್ಲಿವೆ, ಹಾಲುಹಲ್ಲು ಬಿದ್ದ ಬಾಯಿ, ಜ್ವರದಲ್ಲಿ ಊದಿದ ಕೆನ್ನೆ, ಸಿಟ್ಟು ಬಂದಾಗ ಕೂಡುವ ಹುಬ್ಬು, ದಿನಾ ಮಧ್ಯಾಹ್ನ ಒಂದೊಂದನ್ನೇ ಪರದೆ ತುಂಬ ಹಿಗ್ಗಿಸುತ್ತಾಳೆ, ಅಷ್ಟು ದೊಡ್ಡದು ಮಾಡಿದರೆ ಕಲೆ ಒಂದು ಕೆನ್ನೆಯನ್ನಷ್ಟೇ ನುಂಗುತ್ತದೆ, ಉಳಿದದ್ದು ಸಿಗುತ್ತದೆ, ಕಣ್ಣು, ಮೂಗು, ಗಲ್ಲ, ಹೀಗೆ ತುಂಡು ತುಂಡಾಗಿ ಬಾಯಿಪಾಠ ಮಾಡುತ್ತಾಳೆ, ಮಗ್ಗಿ ಕಲಿತ ಹಾಗೆ. ಎದುರು ನಿಂತ ಮಗಳನ್ನು ಹಿಗ್ಗಿಸುವುದು ಹೇಗೆ, ಇಡೀ ಮುಖವನ್ನೇ ಕಲೆ ನುಂಗಿಬಿಡುತ್ತದೆ, ಹತ್ತಿರ ಬಾ, ಇನ್ನೂ ಹತ್ತಿರ, ಅಂದರೆ ಗೊತ್ತಾಗಿಬಿಡುತ್ತದಲ್ಲ. ಅಮ್ಮಂಗೆ ಸಣ್ಣ ಅಕ್ಷರ ಕಾಣಲ್ಲ ಅಷ್ಟೇ, ಅಂದುಕೊಂಡಿದ್ದಾಳೆ ಮಗು. ನನ್ನ ಮುಖ ಕಾಣುತ್ತಾಮ್ಮಾ ಎಂದು ಒಮ್ಮೆ ಕೇಳಿದ್ದಳು, ಕಾಣದೆ ಏನೇ, ನಿನ್ನ ಮೂಗಿನ ಮೇಲಿರೋ ಮೊಡವೇನೂ ಕಾಣುತ್ತೆ, ಅಂದುಬಿಟ್ಟಳು ಇವಳು, ಪುಣ್ಯಕ್ಕೆ ಅಲ್ಲಿ ಮೊಡವೆ ಇತ್ತು.

ನೋಡಕ್ಕಾ, ಅಳಿಸೋಕೆ ಆರ್‌ಎಂ, ಫೋಲ್ಡರ್ ಆದ್ರೆ ಜೊತೆಗೆ ಅಡ್ಡಗೆರೆ ಆರ್, ಹೊಡೆದ್ರೆ ಅದು ಕಸದ ಬುಟ್ಟಿಗೆ ಹೋಗಲ್ಲ, ಹೋದ್ರೆ ಹೋಯ್ತು, ದೇವರೇ ಬಂದು ಕೂತ್ರೂ ನನ್ನ ಕೈಲಿ ತರಕ್ಕಾಗಲ್ಲ, ಹೆಸರಿನ ಬಾಲಕ್ಕೆ ನಕ್ಷತ್ರದ ಗುರುತು ಅಂಟಿಸು, ಆ ಹೆಸರಿಂದ ಶುರುವಾಗೋದೆಲ್ಲ ಒಂದೇ ಸಲ ಹೋಗುತ್ತೆ, ಅಂಟಿಸ್ಬೇಕು, ಬಿಡಿಯಾಗಿ ಇಟ್ರೆ ಅಲ್ಲಿರೋದೆಲ್ಲಾ ಅಂತ ಅರ್ಥ. ಆಯ್ತು ಮಾರಾಯ, ನಾನೇನು ಎಳೇ ಮಗುವಾ, ಅಂದು ಫೋನಿಟ್ಟಳು, ಹೊಡೆದಳು, ಆರ್‌ಎಂ, ಅಡ್ಡಗೆರೆ ಆರ್, ಪೇಜ್‌ಸೆಟ್, ನಕ್ಷತ್ರ, ಓರೆ ಮಾಡಿ ನೋಡಿದಳು, ಹೆಸರಿದೆ, ನಕ್ಷತ್ರವಿದೆ, ನಡುವೆ ಬೂದು ಕಲೆ, ಇನ್ನೂ ಓರೆ ಮಾಡಿದರೆ ನಕ್ಷತ್ರವೇ ಜಾರಿಹೋಗುತ್ತದೆ, ಸಾಕು, ಎಂಟರ್. ಯಂತ್ರ ಒಂದೇ ಸಾಲು ಆಡಿತು, ಪೇಜ್‌ಸೆಟ್ ಎಂಬ ಹೆಸರಿನದು ಯಾವುದೂ ಇಲ್ಲ. ಇಲ್ಲವಾ, ಈಗ ತಾನೇ ಇತ್ತಲ್ಲ, ಕಾಗುಣಿತ ತಪ್ಪಿತೇನೋ ಎಂದುಕೊಂಡು ಎಲ್‌ಎಸ್ ಹೊಡೆದಳು, ಏನೂ ಬರಲಿಲ್ಲ, ಮತ್ತೆ ಹೊಡೆದಳು, ಪಟ್ಟಿಯೇ ಇಲ್ಲ, ಒಂದು ಹೆಸರೂ ಇಲ್ಲ — ಹೆಬ್ಬೆರಳು. ಪದ ಮುಗಿಯಿತೆಂದರೆ ತಾನಾಗಿ ಹೋಗಿ ಜಾಗ ಬಿಡುವ ಹೆಬ್ಬೆರಳು, ಇಪ್ಪತ್ತೆರಡು ವರ್ಷದಿಂದ ಯಾರ ಅಪ್ಪಣೆಗೂ ಕಾಯದ ಹೆಬ್ಬೆರಳು, ಹೆಸರು ಮುಗಿಯಿತು, ಜಾಗ ಬಿಟ್ಟಿತು, ಆಮೇಲೆ ನಕ್ಷತ್ರ. ಬಿಡಿ ನಕ್ಷತ್ರ. ಕೂದಲೆಳೆಯಷ್ಟು ಜಾಗವನ್ನು ದೂರದಿಂದ ಹಿಡಿಯುತ್ತಿದ್ದವಳಿಗೆ ಹೆಬ್ಬೆರಳಗಲದ ಜಾಗ ಕಾಣಲಿಲ್ಲ, ಅಯ್ಯೋ ಪಾಪಿ, ಕೈಯಾರೆ ಅಳಿಸಿದೆಯಲ್ಲೇ, ಹಾಲುಹಲ್ಲು, ಹುಬ್ಬು, ಕೆಂಪು ಮುದ್ದೆ, ಫೋಟೋಗಳಿದ್ದ ಹಳೇ ಸಿಡಿಗಳನ್ನೂ ಗುಜರಿಗೆ ಹಾಕಿದ್ದಾಯಿತು, ಕಂಪ್ಯೂಟರಿಗೆ ಹಾಕಿಕೊಂಡೆನಲ್ಲ ಇನ್ಯಾಕೆ ಅಂತ. ಬಾಯಿಪಾಠ ಹೇಳಿನೋಡುತ್ತಾಳೆ, ಕೆನ್ನೆಯಲ್ಲಿ ಗುಳಿ, ಎಡಗಡೆಗಾ, ಬಲಗಡೆಗಾ, ನಿನ್ನೆ ತಾನೇ ನೋಡಿದ್ದು, ಎಡಗಡೆ, ಅಲ್ಲ, ಪರದೆಯ ಎಡ ಅಂದರೆ ಅವಳ ಬಲ, ತಾಯಿಯಾದವಳಿಗೆ ಇದೂ ಗೊತ್ತಿಲ್ಲವಾ.

ಬಾಗಿಲ ಚಿಲಕದ ಸದ್ದು, ಚಪ್ಪಲಿ ಬಿಟ್ಟ ಸದ್ದು, ಅಮ್ಮಾ, ಬಂದೆ, ಅಮ್ಮಾ ಇಲ್ ನೋಡು, ಕೂದಲು ಕತ್ತರಿಸ್ಕೊಂಡು ಬಂದೆ, ಬೈಬೇಡ ಆಯ್ತಾ, ಕಿವಿ ಹತ್ರಕ್ಕೆ ಮಾಡಿಸಿದೀನಿ, ನನ್ನ ಮುಖಾನೇ ಬೇರೆ ಥರ ಆಗೋಯ್ತು ಅಂದ್ಲು ಗೆಳತಿ, ಹೇಗಿದೆ ಹೇಳು. ಇವಳು ಬಾಗಿಲಿನ ಚೌಕಟ್ಟಿಗೆ ಕಣ್ಣಿಡುತ್ತಾಳೆ, ಬದಿಯಲ್ಲಿ ನೀಲಿ ಅಂಗಿ, ಬೋಳಾದ ಕತ್ತು, ತಲೆಯ ಅಂಚು, ಮುಖ ಇರಬೇಕಾದಲ್ಲಿ ಏನೋ ತಿಳಿ ಬಣ್ಣ, ಅಷ್ಟು ದೂರಕ್ಕೆ ಅಷ್ಟೇ ಸಿಗುವುದು, ಚೆನ್ನಾಗಿದೆ ಕಣೇ, ತುಂಬಾ ಚೆನ್ನಾಗಿದೆ. ಎಲ್ಲಿ ನೋಡ್ತಿದೀಯಮ್ಮಾ, ಬಾಗಿಲು ನೋಡ್ಕೊಂಡು ಚೆನ್ನಾಗಿದೆ ಅಂದ್ರೆ, ನಾನು ಇಲ್ಲಿದೀನಿ — ನಗುತ್ತಿದ್ದಾಳೆ, ದನಿಯಲ್ಲಿ ಗೊತ್ತಾಗುತ್ತದೆ, ಆಮೇಲೆ ನಗು ನಿಲ್ಲುತ್ತದೆ, ಅದೂ ಗೊತ್ತಾಗುತ್ತದೆ. ಅಮ್ಮಾ. ನನ್ನ ನೋಡು. ನೇರ ನೋಡು. ಅವಳು ಕತ್ತು ತಿರುಗಿಸುತ್ತಾಳೆ, ಇನ್ನು ತಪ್ಪಿಸಿಕೊಳ್ಳಲು ಯಾವ ಮೂಲೆಯೂ ಉಳಿದಿಲ್ಲ, ನೇರ ನೋಡುತ್ತಾಳೆ, ನೀಲಿ ಅಂಗಿಯ ಕೊರಳು ಇದೆ, ಅದರ ಮೇಲೆ ಬೂದು ಕಲೆ, ಮೇಲೆ ಒಂದಿಷ್ಟು ಕೂದಲು, ನಡುವೆ ಬೂದು, ಬೂದು