ಖಾಲಿ ಬಿಟ್ಟ ಒಂದಕ್ಷರದ ಜಾಗ

ರಕ್ತನಿಧಿಯ ಹಳೆಯ ಮಿಡ್‌ರೇಂಜ್ ಕಂಪ್ಯೂಟರ್ ಅತ್ತ ದೊಡ್ಡದೂ ಅಲ್ಲ, ಇತ್ತ ಚಿಕ್ಕದೂ ಅಲ್ಲ. ಬಟ್ಟೆಯ ಬೀರುವಿನಂತೆ ಮೂಲೆಯಲ್ಲಿ ನಿಂತು ಗುಂಯ್ ಎನ್ನುತ್ತಿತ್ತು. ಅದನ್ನು ನೋಡಿಕೊಳ್ಳುವ ಪ್ರೋಗ್ರಾಮರ್‌ಗೆ ಎಲ್ಲರೂ ಬೀರು ಅಕ್ಕ ಎಂದೇ ಹೆಸರಿಟ್ಟಿದ್ದರು. ಈಗ ಬೀರುವಿಗೆ ನಿವೃತ್ತಿ. ಅದರೊಳಗಿನ ರಕ್ತದಾನಿಗಳ ಪಟ್ಟಿಯನ್ನು ಟೆಕ್ಸ್ಟ್ ಫೈಲಾಗಿ ಇಳಿಸಿ ಹೊಸ ವ್ಯವಸ್ಥೆಗೆ ಕಳಿಸುವ ಕೆಲಸ ಅಕ್ಕನ ತಲೆಗೆ ಬಂದಿತ್ತು.

ಆ ಫೈಲಿನಲ್ಲಿ ಒಂದು ವಿವರವನ್ನು ಇನ್ನೊಂದರಿಂದ ಬೇರ್ಪಡಿಸಲು ಅಲ್ಪವಿರಾಮ, ಗೆರೆ ಏನೂ ಇಲ್ಲ. ಹೆಸರಿಗೆ ಇಷ್ಟು ಜಾಗ, ರಕ್ತದ ಗುಂಪಿಗೆ ಇಷ್ಟು ಎಂದು ಅಳೆದಿಟ್ಟದ್ದು. ಹೆಸರು ಗಿಡ್ಡವಾದರೆ ಉಳಿದ ಜಾಗವನ್ನು ಖಾಲಿಯಾಗಿಯೇ ಕಾಯ್ದುಕೊಳ್ಳಬೇಕು. ಒಂದು ಖಾಲಿ ತಪ್ಪಿದರೂ ಮುಂದಿನದೆಲ್ಲ ಸರಿದು ಒಬ್ಬರ ರಕ್ತದ ಗುಂಪೇ ಬದಲಾಗಿ ಕೂರುತ್ತದೆ. ಖಾಲಿಗೆ ಇಷ್ಟು ಮರ್ಯಾದೆ ಕೊಡುವ ಕೆಲಸ ಲೋಕದಲ್ಲಿ ಬೇರೆ ಇರಲಾರದು.

ಪರೀಕ್ಷೆಗೆ ಕಳಿಸಿದ ಫೈಲಿನಲ್ಲಿ ಒಂದೇ ಒಂದು ಸಾಲು ವಾಪಸ್ಸು ಬಂತು. ಹೊಸ ವ್ಯವಸ್ಥೆಯ ಎಂಜಿನಿಯರ್ ಫೋನ್ ಮಾಡಿದ. ಗಡುವು ಎನ್ನದೆ ಮಾತು ಮುಗಿಸದ ಆತನಿಗೆ ಅವಳು ಒಳಗೊಳಗೇ ಗಡುವಪ್ಪ ಎಂದು ಹೆಸರಿಟ್ಟಿದ್ದಳು.

“ಅಕ್ಕಾ, ಒಬ್ಬರ ಸ್ಥಿತಿ ಕಾಲಂ ಖಾಲಿ ಇದೆ. ಇದ್ದಾರೋ ಇಲ್ವೋ ಅಂತ ಒಂದಕ್ಷರ ಹಾಕಿ. ಖಾಲಿ ಬಿಟ್ಟರೆ ನಮ್ಮದು ತಗೊಳ್ಳಲ್ಲ. ಗಡುವು ಸಂಜೆಗೆ.”

ಯಾರದೆಂದು ಅವಳು ಕೇಳಲಿಲ್ಲ. ಅದು ಅವಳ ಅಪ್ಪನದು.

ಅಪ್ಪ ತೀರಿಕೊಂಡಾಗ ‘ಇಲ್ಲ’ ಎಂದು ಹಾಕಲು ಅವಳಿಗೆ ಕೈ ಬರಲಿಲ್ಲ. ‘ಇದ್ದಾರೆ’ ಎಂಬ ಸುಳ್ಳಿಗೂ ಮನಸ್ಸು ಒಪ್ಪಲಿಲ್ಲ. ಇದ್ದ ಅಕ್ಷರವನ್ನು ಅಳಿಸಿ ಸುಮ್ಮನಾಗಿದ್ದಳು. ಬೀರು ಮಾತ್ರ ಖಾಲಿಯನ್ನು ‘ಇದ್ದಾರೆ’ ಎಂದೇ ಓದಿಕೊಂಡು, ಅಪ್ಪನ ಅಪರೂಪದ ಗುಂಪು ಬೇಕಾದಾಗಲೆಲ್ಲ ಅವರ ಫೋನಿಗೆ ಸಂದೇಶ ಕಳಿಸುತ್ತಿತ್ತು: ನಿಮ್ಮ ರಕ್ತ ಬೇಕಾಗಿದೆ, ದಯವಿಟ್ಟು ಬನ್ನಿ. ಆ ಫೋನನ್ನು ಅಮ್ಮ ತಪ್ಪದೆ ಚಾರ್ಜಿಗೆ ಹಾಕುತ್ತಿದ್ದಳು. ಸಂದೇಶ ಬಂದ ದಿನ ಅವಳ ಮುಖದ ಕಳೆಯೇ ಬೇರೆ. “ನಿಮ್ಮಪ್ಪನ್ನ ಕರೀತಿದ್ದಾರೆ ನೋಡೇ,” ಎನ್ನುವಳು.

ಆ ಸಂದೇಶದ ಇನ್ನೊಂದು ತುದಿಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಯಾರೋ ಅಪ್ಪನಿಗಾಗಿ ಕಾಯುತ್ತಿರುತ್ತಾರೆ ಎಂಬುದನ್ನು ಮಗಳು ಇಷ್ಟು ದಿನ ತನ್ನ ತಲೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಈಗ ನಾಚಿಕೆಯಾಯಿತು. ಅಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟಳು.

“ಖಾಲಿ ಬಿಟ್ಟರೆ ಆಗಲ್ವೇನೇ?” ಎಂದಳು ಅಮ್ಮ.

“ಹೊಸದು ತಗೊಳ್ಳಲ್ಲಮ್ಮ.”

ಅಮ್ಮ ಕೇಳಿದಳು, “ಅಲ್ಲಿಂದ ಕರೆಯೋರು, ಇವರು ಬರ್ತಾರೆ ಅಂತ ಕಾಯ್ತಾರಾ?”

“ಕಾಯ್ತಾರೆ. ಬರದೇ ಇದ್ದಾಗ ಬೇರೆಯವರನ್ನ ಹುಡುಕ್ತಾರೆ.”

“ಹಾಗಾದರೆ ಇಲ್ಲ ಅಂತಲೇ ಹಾಕು. ಕರೆದರೆ ಅರ್ಧ ಊಟಕ್ಕೆ ಎದ್ದು ಹೋಗ್ತಿದ್ದ ಮನುಷ್ಯ. ಕಾಯಿಸಿದರು ಅನ್ನೋ ಮಾತು ಅವರಿಗೆ ಬರಬಾರದು.”

ಅವಳು ಆ ಅಕ್ಷರ ಹಾಕಿ ಫೈಲು ಕಳಿಸಿದಳು. ಅಳು ಬಂತು, ಅದರ ಹಿಂದೆಯೇ ಗಡುವಪ್ಪನ ಫೋನೂ ಬಂತು.

“ಎಲ್ಲರೂ ಬಂದರು ಅಕ್ಕಾ. ಒಬ್ಬರೂ ಬಿಟ್ಟುಹೋಗಿಲ್ಲ.”