ಕ್ಯಾಪ್ಟನ್ ಮೆರಿಕ್‌ನ ಹೆಬ್ಬೆರಳು

ಬೆಲ್ ಒತ್ತಿದ ಮೇಲೆ ಬೆಸಿಲ್ ಕಾರ್ವರ್‌ಗೆ ಅನ್ನಿಸಿತು: ಒಳಗೆ ಯಾರೂ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ಬಂದಿದ್ದೆ, ಬಾಗಿಲು ತೆಗೆಯಲಿಲ್ಲ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಬಾಗಿಲು ತೆರೆಯಿತು.

"ಚಿತ್ರಕಥೆ ಮೇಷ್ಟ್ರು ನೀವೇನಾ?" ಎಂದಳು ಐವತ್ತರ ಆಸುಪಾಸಿನ ಹೆಂಗಸು. ಅವಳ ಒಂದು ತೋಳು ಆಗಲೇ ಕೋಟಿನೊಳಗಿತ್ತು. "ನಾನು ಡೋರೀನ್. ಕಾಗದ ಬರೆದದ್ದು ನಾನು, ಬರೆಸಿದ್ದು ನಮ್ಮ ಸೋದರತ್ತೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಎಂಬತ್ತೆರಡು ವರ್ಷ. ಕಣ್ಣು ಹೋಗಿದೆ, ಬಾಯಿ ಗಟ್ಟಿಯಾಗಿದೆ."

"ಕೇಳಿಸ್ತು ಕಣೇ," ಎಂದಿತು ಒಳಗಿನ ಧ್ವನಿ.

"ಕೇಳಿಸ್ಲಿ ಅಂತಾನೇ ಹೇಳಿದ್ದು." ಡೋರೀನ್ ಇನ್ನೊಂದು ತೋಳನ್ನೂ ತೂರಿಸಿಕೊಂಡಳು. "ಮೀನು ತರೋಕೆ ಹೋಗ್ತಿದೀನಿ. ಅಷ್ಟರಲ್ಲಿ ಮುಗಿಸಿಬಿಡಿ, ಪುಣ್ಯ ಬರುತ್ತೆ."

ಬೆಸಿಲ್ ಮೂವತ್ತೊಂದು ವರ್ಷ ಕ್ರಾಯ್ಡನ್ನಿನ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಟ್ಟಿದ್ದ. ಅವನ ಹೆಸರು ನೆನಪಿರುವ ಹುಡುಗ ಒಬ್ಬನೂ ಇರಲಾರ. ಹೆಂಡತಿಗೆ ನೆನಪಿತ್ತು, ಆದರೆ ಅವಳು ಈಗ ಇನ್ನೊಬ್ಬನ ಮನೆಯಲ್ಲಿದ್ದಳು. ಹುಡುಗರ ಹಳೆಯ ವಾರಪತ್ರಿಕೆಗಳನ್ನು ಕೂಡಿಹಾಕುವ ಸುಮಾರು ಮುನ್ನೂರು ಜನರ ನಡುವೆ ಮಾತ್ರ ಅವನು ದೊಡ್ಡ ಮನುಷ್ಯ. ಆ ಪತ್ರಿಕೆಗಳು ಚಿತ್ರಕಾರರ ಹೆಸರನ್ನು ಅಚ್ಚು ಮಾಡುತ್ತಿರಲಿಲ್ಲ. ಹೆಸರು ಗೊತ್ತಾದರೆ ಪಕ್ಕದ ಪತ್ರಿಕೆಯವರು ಎಳೆದುಕೊಂಡು ಹೋಗುತ್ತಾರೆಂಬ ಭಯ. ಯಾವ ಸಾಹಸದ ಕಥೆಗೆ ಯಾರು ಚಿತ್ರ ಬರೆದರೆಂದು ಬೆಸಿಲ್ ಚಿತ್ರದಲ್ಲಿನ ಕಿವಿ ನೋಡಿ ಹೇಳುತ್ತಿದ್ದ, ಬೂಟಿನ ದಾರ ನೋಡಿ ಹೇಳುತ್ತಿದ್ದ. ಕಾರ್ವರ್ ಹೇಳಿದ ಮೇಲೆ ಮುಗಿಯಿತು ಎನ್ನುತ್ತಿದ್ದರು.

ಅವನ ಅತಿದೊಡ್ಡ ಪತ್ತೆ 'ಲಾಂಗ್‌ಬೋಟ್' ಪತ್ರಿಕೆಯದು. ಅದರಲ್ಲಿ ಒಂಬತ್ತು ವರ್ಷ ಬಂದ ಕ್ಯಾಪ್ಟನ್ ಮೆರಿಕ್‌ನ ಸಮುದ್ರ ಸಾಹಸಗಳ ಚಿತ್ರಕಾರ ಗೈ ಫೆನರ್ ಎಂದು ಅವನು ಸಾಧಿಸಿದ್ದ. ಸಾಕ್ಷಿ, ಮೆರಿಕ್‌ನ ಎಡಗೈ ಹೆಬ್ಬೆರಳು. ತುದಿಯಲ್ಲಿ ಹಿಂದಕ್ಕೆ ಬಾಗಿ, ಮತ್ತೆ ಹೊರಕ್ಕೆ ತಿರುಗಿದ ಹೆಬ್ಬೆರಳು. ಫೆನರ್ ಸಹಿ ಮಾಡಿದ ಒಂದು ಸೋಪಿನ ಜಾಹೀರಾತಿನಲ್ಲಿ ಅದೇ ಹೆಬ್ಬೆರಳು ಸಿಕ್ಕಿತ್ತು. ಬೆಸಿಲ್ ಅದರ ಮೇಲೆ ಹದಿನೈದು ಪುಟ ಬರೆದ.

ಬರುವ ಶನಿವಾರ ಫೆನರ್ ಹುಟ್ಟಿದ ಮನೆಗೆ ಫಲಕ ಹಾಕುತ್ತಾರೆ. ಪರದೆ ಎಳೆಯುವವನು ಬೆಸಿಲ್. ಫಲಕದ ತಳದಲ್ಲಿ ಸಣ್ಣಕ್ಷರದಲ್ಲಿ, 'ಗುರುತಿಸಿದವರು: ಬಿ. ಕಾರ್ವರ್'. ಆ ಒಂದು ಸಾಲಿಗಾಗಿ ಸಮಿತಿಗೆ ಮೂರು ಕಾಗದ ಹೋಗಿದ್ದವು. ಮೂರನೆಯದನ್ನು ಬೆಸಿಲ್ ಗೆಳೆಯನೊಬ್ಬನ ಹೆಸರಿನಲ್ಲಿ ತಾನೇ ಬರೆದಿದ್ದ. ಆ ಹೊತ್ತಿಗೇ, ಮೆರಿಕ್‌ನ ಚಿತ್ರ ಬರೆದದ್ದು ತಾನು ಎನ್ನುವ ಮುದುಕಿಯೊಬ್ಬಳ ಕಾಗದ ಬಂದಿತ್ತು.

ಮಿಸ್ ವಿನಿಫ್ರೆಡ್ ಲೋಡರ್ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಬೆಕ್ಸ್‌ಹಿಲ್ಲಿನ ಬೂದುಬಣ್ಣದ ಸಮುದ್ರ. ಅವಳು ಅದಕ್ಕೆ ಬೆನ್ನು ಹಾಕಿದ್ದಳು.

"ಚಹಾ ನೀವೇ ಬಗ್ಗಿಸ್ಕೊಳ್ಳಿ ಮೇಷ್ಟ್ರೇ. ನಾನು ಬಗ್ಗಿಸಿದ್ರೆ ನಿಮ್ಮ ಮಡಿಲಿಗೆ ಬೀಳುತ್ತೆ."

"ಪರವಾಗಿಲ್ಲ."

"ನಿಮ್ಮ ಹದಿನೈದು ಪುಟಾನೂ ಡೋರೀನ್ ಕೈಲಿ ಓದಿಸ್ದೆ. ಅವಳು ಎರಡು ಸಲ ನಿದ್ದೆ ಹೋದ್ಲು."

ಮಿಸ್ ಲೋಡರ್ ಲೋಟಕ್ಕಾಗಿ ಎಡಗೈ ಚಾಚಿದಳು, ತಡಕಿದಳು, ಹಿಡಿದಳು. ಲೋಟದ ಹಿಡಿಯ ಮೇಲೆ ಅವಳ ಹೆಬ್ಬೆರಳು ಕೂತಿತು. ತುದಿಯಲ್ಲಿ ಹಿಂದಕ್ಕೆ ಬಾಗಿ, ಮತ್ತೆ ಹೊರಕ್ಕೆ ತಿರುಗಿತ್ತು.

ಬೆಸಿಲ್ ಚಹಾಕ್ಕೆ ಸಕ್ಕರೆ ಹಾಕಿದ. ಅವನು ಸಕ್ಕರೆ ಬಿಟ್ಟು ಆರು ವರ್ಷವಾಗಿತ್ತು.

"ಬಲಗೈಲಿ ಬರೀತಿದ್ದೆ, ಎಡಗೈ ನೋಡ್ತಿದ್ದೆ," ಎಂದಳು ಅವಳು. "ಕೈಗೆ ಮಾದರಿ ಕೂರಿಸೋಕೆ ಯಾರಿದ್ರು ನಂಗೆ?"

"ಆದರೆ ಆ ಸೋಪಿನ ಜಾಹೀರಾತು... ಅದಕ್ಕೆ ಫೆನರ್ ಸಹಿ ಇದೆ."

"ಫೆನರ್‌ಗೆ ಕೈ ಬರೆಯೋಕೆ ಬರ್ತಿರ್ಲಿಲ್ಲ ಮೇಷ್ಟ್ರೇ. ಪಾಪ, ಬರೆದ್ರೆ ಮೂಲಂಗಿ ಕಟ್ಟು ಆಗ್ತಿತ್ತು. ಅವನ ಚಿತ್ರದಲ್ಲಿರೋ ಕೈಗಳೆಲ್ಲ ನಂದೇ."

ಅಷ್ಟು ಸಲೀಸಾಗಿ ಹದಿನೈದು ಪುಟ ಮುಗಿದುಹೋಗಿತ್ತು. ಬೆಸಿಲ್‌ಗೆ ಆ ಮುದುಕಿಯ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಬಾಯಿಮುಚ್ಚಿಕೊಂಡು ಇದ್ದವಳು ಇನ್ನೊಂದು ವಾರ ಇರಬಾರದಿತ್ತೆ?

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಯಾರು ಕೇಳಿದ್ರು? ಹುಡುಗರ ಪತ್ರಿಕೆಗೆ ಹೆಂಗಸು ಬರೀತಾಳೆ ಅಂತ ಗೊತ್ತಾದ್ರೆ ಹುಡುಗ್ರು ಕೊಳ್ಳಲ್ಲ ಅಂದ್ರು. ಚಿತ್ರಗಳನ್ನ ಡೋರೀನ್ ಅಪ್ಪ ಹೊತ್ತುಕೊಂಡು ಹೋಗಿ ಕೊಡ್ತಿದ್ದ, ನನ್ನ ತಮ್ಮ. ಪ್ರತಿವಾರ ಮೂಲೇಲಿ ಸಣ್ಣದಾಗಿ ಹೆಸರು ಹಾಕ್ತಿದ್ದೆ. ಪ್ರತಿವಾರ ಅವರು ಅದರ ಮೇಲೆ ಬಿಳಿ ಬಣ್ಣ ಬಳೀತಿದ್ರು." ಅವಳು ಚಹಾ ಗುಟುಕರಿಸಿದಳು. "ಬಯ್ಯೋಕೆ ನಂಗೆ ಬಾಯಿಲ್ಲ. ಅದಕ್ಕೆ ಮುಂಚೆ ಹದಿನೆಂಟು ತಿಂಗಳು ಆ ಆಫೀಸಲ್ಲಿ ಬಳಿಯೋ ಕೆಲಸ ನಂದೇ ಆಗಿತ್ತು. ಎಷ್ಟು ಜನರ ಹೆಸರು ಅಳಿಸಿದೀನೋ. ಚೆನ್ನಾಗಿ ಅಳಿಸ್ತಿದ್ದೆ."

ಮೇಜಿನ ಮೇಲೆ ಒಂದು ರಟ್ಟು ಇತ್ತು, ಮೂಲಚಿತ್ರ. ಅಚ್ಚಾದ ಮೇಲೆ ಅವಳ ತಮ್ಮ ವಾಪಸು ತಂದಿಟ್ಟದ್ದು, ಅವನು ಸತ್ತ ಮೇಲೆ ಅಟ್ಟದಲ್ಲಿ ಸಿಕ್ಕಿತ್ತು. ಅಷ್ಟರಲ್ಲಿ ಅವಳ ಕಣ್ಣು ಹೋಗಿತ್ತು. ಚಿತ್ರದಲ್ಲಿ ಮೆರಿಕ್ ಹಡಗಿನ ಅಂಚಿಗೆ ಜೋತುಬಿದ್ದಿದ್ದ. ಕೆಳಮೂಲೆಯಲ್ಲಿ ಹಗ್ಗದ ಸುರುಳಿ, ಅದರ ಪಕ್ಕ ಒಂದು ಬಿಳಿಯ ತೇಪೆ.

"ಮೂಲೇಲಿ ಬಿಳಿ ತೇಪೆ ಇದೆ ಅಂತಾಳೆ ಡೋರೀನ್. ಅದರ ಕೆಳಗಿದೆ ನನ್ನ ಹೆಸರು," ಎಂದಳು. "ಡೋರೀನ್‌ಗೆ ನಾನು ಸುಳ್ಳುಬುರುಕಿ. ಮುಂದಿನ ತಿಂಗಳು ವೃದ್ಧಾಶ್ರಮಕ್ಕೆ ಹಾಕ್ತಾಳೆ. ಅಲ್ಲಿ ಕೋಣೆ ಬಾಗಿಲ ಮೇಲೆ ಹೆಸರು ಅಂಟಿಸ್ತಾರಂತೆ. ಅದಕ್ಕೆ ಮುಂಚೆ ಒಂದೇ ಒಂದು ಸಲ, ಗೊತ್ತಿರೋರು ಯಾರಾದ್ರೂ ಅವಳ ಮುಂದೆ ಹೇಳ್ಲಿ, ಇದು ವಿನಿಫ್ರೆಡ್ ಲೋಡರ್ ಬರೆದದ್ದು ಅಂತ. ನಂಗೆ ಬೇರೆ ಏನೂ ಬೇಡ."

ಬೆಸಿಲ್ ತನ್ನ ಪೆಟ್ಟಿಗೆ ತೆರೆದ. ಹಳೆಯ ರಟ್ಟುಗಳನ್ನು ಸರಿಮಾಡುವ ಸಾಮಾನು ಸದಾ ಅವನ ಜೊತೆಗಿರುತ್ತಿತ್ತು: ಭೂತಗನ್ನಡಿ, ಹತ್ತಿ ಸುತ್ತಿದ ಕಡ್ಡಿಗಳು, ಪುಟ್ಟ ಬ್ರಶ್, ಬಿಳಿ ಬಳಿಯುವ ಬಣ್ಣದ ಟ್ಯೂಬು, ನೀರಿನ ಸೀಸೆ, ಬಟ್ಟಲು. ಹತ್ತಿಯನ್ನು ನೀರಿಗೆ ಅದ್ದಿ ತೇಪೆಯ ಮೇಲೆ ಆಡಿಸಿದ. ಬಿಳಿ ನೀರಿಗೆ ಕರಗುತ್ತದೆ, ಅಡಿಯ ಕಪ್ಪು ಶಾಯಿ ಕರಗುವುದಿಲ್ಲ. ಇದನ್ನು ಅವನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದನೋ.

ಮೊದಲು ಒಂದು ಡಬ್ಲ್ಯು ಬಂತು. ಆಮೇಲೆ ಲೋಡರ್, ಪೂರ್ತಿಯಾಗಿ, ನಿನ್ನೆ ಬರೆದಷ್ಟು ಕಪ್ಪಾಗಿ.

"ಏನು ಕಾಣ್ತಿದೆ ಮೇಷ್ಟ್ರೇ?"

ಹೇಳಬೇಕೆಂದೇ ಅವನು ಬಾಯಿ ತೆರೆದ. ನಿಜವಾಗಿಯೂ ಹೇಳಬೇಕೆಂದೇ.

"ಏನೂ ಇಲ್ಲ," ಎಂದ.

"ಸರಿಯಾಗಿ ನೋಡಿ."

"ನೋಡಿದೆ. ಹಗ್ಗದ ಗೆರೆ ಅಷ್ಟೆ."

ನಾಚಿಕೆಯಾಗಬಹುದೆಂದು ಕಾದ. ಆಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಷ್ಟು ಹಗುರವಾಯಿತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಮಿಸ್ ಲೋಡರ್ ಲೋಟ ಕೆಳಗಿಟ್ಟಳು. ಕಾಣದ ಕಣ್ಣುಗಳು ಅವನ ಭುಜದ ಹತ್ತಿರ ಎಲ್ಲೋ ನೆಟ್ಟಿದ್ದವು. ಡೋರೀನ್ ಈಗ ಬರುತ್ತಾಳೆ, ಅವಳ ಕಣ್ಣು ಚೆನ್ನಾಗಿದೆ. ಬೆಸಿಲ್ ಸದ್ದಾಗದಂತೆ ಟ್ಯೂಬಿನ ಮುಚ್ಚಳ ತಿರುಗಿಸಿದ. ಬಟ್ಟಲಿನಂಚಿನಲ್ಲಿ ಸಾಸಿವೆಯಷ್ಟು ಬಿಳಿ ತೆಗೆದು, ಡಬ್ಲ್ಯುವಿನಿಂದ ಶುರುಮಾಡಿದ. ಶಾಲೆಯ ಹುಡುಗನ ಹಾಗೆ ನಾಲಿಗೆಯ ತುದಿ ಹೊರಗೆ ಬಂದದ್ದು ಗೊತ್ತಾಗಿ ಒಳಗೆಳೆದುಕೊಂಡ.

ಮುದುಕಿಯ ಮೂಗು ಸ್ವಲ್ಪ ಮೇಲೆದ್ದಿತು.

ಒಂದು ಸಲ ಉಸಿರೆಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು. ಹಸಿ ಬಿಳಿಯ ಅಂಟಿನ ವಾಸನೆ ಅವನಿಗೂ ಆಗಷ್ಟೇ ತಿಳಿಯಿತು. ಬ್ರಶ್ ಹಿಡಿದ ಕೈ ಹಾಗೆಯೇ ನಿಂತಿತು.

ಮಿಸ್ ಲೋಡರ್ ಹೇಳಿದಳು, "ಎರಡು ಸಲ ಬಳೀರಿ. ಒಂದೇ ಸಲ ಬಳಿದ್ರೆ ಒಣಗಿದ ಮೇಲೆ ಕಪ್ಪು ಇಣುಕುತ್ತೆ."

ಅವನು ಎರಡನೆಯ ಸಲವೂ ಬಳಿದ.

ಡೋರೀನ್ ಮೀನಿನ ಪೊಟ್ಟಣದೊಂದಿಗೆ ಬಂದಳು. "ಸಿಕ್ತಾ ಹೆಸರು?"

"ಮೇಷ್ಟ್ರು ಹೇಳ್ತಾರೆ, ಕೇಳು," ಎಂದಳು ಮಿಸ್ ಲೋಡರ್.

ಬೆಸಿಲ್ ಪೆಟ್ಟಿಗೆಯ ಕೊಂಡಿ ಹಾಕಿದ. "ಇಲ್ಲ. ಹೆಸರೇನೂ ಇಲ್ಲ."

"ನಾನು ಹೇಳ್ಲಿಲ್ವಾ ಅತ್ತೆ?" ಡೋರೀನ್ ನಕ್ಕು ಅವಳ ಮಡಿಲಿನ ಶಾಲು ಸರಿಮಾಡಿದಳು. "ಒಳ್ಳೇ ಸಮುದ್ರದ ಕಥೆ ಕಟ್ತೀಯಾ ಬಿಡು."

"ನೀನು ಹೇಳಿದ್ದೆ ಕಣೇ, ಹೇಳಿದ್ದೆ. ಆ ರಟ್ಟು ಅವರಿಗೇ ಕೊಟ್ಟುಬಿಡು."

"ಬೇಡ, ನನಗೆ..."

"ತಗೊಳ್ಳಿ ಮೇಷ್ಟ್ರೇ. ಕೆಲಸ ಚೊಕ್ಕವಾಗಿ ಮಾಡಿದೀರಿ. ಮುಟ್ಟಬೇಡಿ, ಹಸಿ ಇದೆ."

"ಏನು ಹಸಿ ಇದೆ?" ಎಂದಳು ಡೋರೀನ್. ಬೆಸಿಲ್ ರಟ್ಟನ್ನು ಎತ್ತಿಕೊಂಡ. ಅವಳು ಮೀನು ತೊಳೆಯಲು ಒಳಗೆ ಹೋದಳು.

ರಟ್ಟನ್ನು ಚೀಲಕ್ಕೆ ಹಾಕುವಂತಿರಲಿಲ್ಲ, ಬಿಳಿ ಮೆತ್ತಿಕೊಳ್ಳುತ್ತಿತ್ತು. ಎರಡೂ ಕೈಗಳಲ್ಲಿ ಮೇಲ್ಮುಖವಾಗಿ ಹಿಡಿದು ಸಮುದ್ರದ ಬದಿಯ ರಸ್ತೆಯಲ್ಲಿ ನಡೆದ. ಎಲ್ಲಾದರೂ ಎಸೆದುಬಿಡಬಹುದಿತ್ತು. ಎಸೆದರೆ ಯಾರಿಗಾದರೂ ಸಿಗುತ್ತದೆ. ಸಿಕ್ಕಿದವರು ಮೊದಲು ತೋರಿಸಲು ತರುವುದು ಅವನಿಗೇ.

ಮೊದಲ ಹನಿ ಮೆರಿಕ್‌ನ ಹಣೆಗೆ ಬಿತ್ತು. ಎರಡನೆಯದು ಹಗ್ಗದ ಸುರುಳಿಯ ಹತ್ತಿರ ಬಿತ್ತು.

ಬೆಸಿಲ್ ಓಡಿದ. ಅರವತ್ತೆರಡು ವರ್ಷದ ಮನುಷ್ಯ, ಕೋಟಿನ ಗುಂಡಿ ಕಿತ್ತು, ರಟ್ಟನ್ನು ಒಳಮುಖವಾಗಿ ಎದೆಗೆ ಒತ್ತಿಕೊಂಡು, ಮೇಲೆ ಕೋಟು ಎಳೆದುಕೊಂಡು ಬಸ್ ನಿಲ್ದಾಣದ ಸೂರಿನಡಿ ಸೇರಿದ. ಅಲ್ಲಿ ಕೂತಿದ್ದ ಹೆಂಗಸು ಸರಿದು ಜಾಗ ಕೊಟ್ಟಳು.

"ಏನಪ್ಪಾ ಅದು, ಮಗು ಹಿಡಿದ ಹಾಗೆ ಹಿಡಿದಿದೀಯಾ? ಚಿತ್ರಾನಾ?"

"ಹೌದು."

"ಯಾರು ಬರೆದದ್ದು?"

"ಗೊತ್ತಿಲ್ಲ," ಎಂದ ಬೆಸಿಲ್.

ಶರ್ಟಿನ ಎದೆಭಾಗ ಒದ್ದೆಯಾಗುತ್ತಿತ್ತು. ಮಳೆಯ ನೀರೋ, ಬಿಳಿಯೋ ತಿಳಿಯಲಿಲ್ಲ. ರಟ್ಟನ್ನು ಬಿಡಿಸಿ ನೋಡಿದ್ದರೆ ತಿಳಿಯುತ್ತಿತ್ತು, ಹೆಸರು ಮತ್ತೆ ಇಣುಕಿದೆಯೋ ಎಂಬುದೂ. ಬಸ್ಸು ಬಂತು, ಬಾಗಿಲು ತೆರೆಯಿತು. ಹೆಂಗಸು ಹತ್ತಿದಳು. ಹತ್ತಬೇಕಾದರೆ ಕಂಬಿ ಹಿಡಿಯಲು ಒಂದು ಕೈ ಬೇಕಿತ್ತು. ಅವನ ಎರಡೂ ಕೈ ಎದೆಯ ಮೇಲಿದ್ದವು. ಡ್ರೈವರ್ ಸ್ವಲ್ಪ ಹೊತ್ತು ನೋಡಿ, ಬಾಗಿಲು ಹಾಕಿಕೊಂಡು ಹೊರಟುಹೋದ.